ಕೂಡಲಿಲ್ಲದ ಕವಲು

ಕ್ರಿಪ್ಟೋ ಕರೆನ್ಸಿಯ ಮಾತು ಬಂದಾಗಲೆಲ್ಲ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಬಿಟ್‌ಕಾಯಿನ್ ಅಂತ ಒಂದಿದೆ, ಸರಿ. ಬಿಟ್‌ಕಾಯಿನ್ ಕ್ಯಾಶ್, ಬಿಟ್‌ಕಾಯಿನ್ ಎಸ್‌ವಿ ಅಂತ ಇನ್ನೆರಡು ಕಾಣುತ್ತವಲ್ಲ, ಅವು ನಕಲಿಯೇ? ಅವು ದಾಯಾದಿಗಳು. ಒಂದೇ ಮನೆಯಲ್ಲಿ ಹುಟ್ಟಿ, ಮನೆ ನಡೆಸುವುದು ಹೇಗೆಂಬ ಜಗಳದಲ್ಲಿ ಬೇರೆಯಾಗಿ ಹೋದವು. ಆದರೆ ಈ ಪಾಲು ನಮ್ಮ ಕಡೆಯ ಹಿಸ್ಸೆಯ ಹಾಗಲ್ಲ. ನಾಲ್ಕು ಎಕರೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡರೆ ತಲಾ ಎರಡೆಕರೆ ಬರುತ್ತದೆ. ಇಲ್ಲಿ 2017ರ ಆಗಸ್ಟ್ 1ರಂದು ಮನೆ ಒಡೆದಾಗ ಹಳೆಯ ಲೆಕ್ಕದ ಪುಸ್ತಕ ಇಬ್ಬರಿಗೂ ಇಡಿಯಾಗಿ ಸಿಕ್ಕಿತು. ಅಂದಿನವರೆಗೆ ಹತ್ತು ಬಿಟ್‌ಕಾಯಿನ್ ಇಟ್ಟುಕೊಂಡಿದ್ದವನ ಕೈಯಲ್ಲಿ ಮರುದಿನ ಹತ್ತು ಬಿಟ್‌ಕಾಯಿನ್ನೂ ಇತ್ತು, ಹತ್ತು ಬಿಟ್‌ಕಾಯಿನ್ ಕ್ಯಾಶೂ ಇತ್ತು. ಎರಡು ವರ್ಷಕ್ಕೂ ಮೀರಿ ನಡೆದ ಆ ಜಗಳಕ್ಕೆ 'ಬ್ಲಾಕ್ ಗಾತ್ರದ ಯುದ್ಧ' ಎಂಬ ಹೆಸರು ಬಿದ್ದಿದೆ. ಗಾತ್ರ ಅದರ ನೆಪ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಸರಿಯಿದೆಯೇ ಎಂದು ನೋಡುವ ಖರ್ಚು ಯಾರ ಕೈಗೆಟುಕಬೇಕು, ಲೆಕ್ಕದ ನಿಯಮ ಬದಲಿಸಲು ಹೊರಟಾಗ ಬೇಡ ಎನ್ನುವ ಹಕ್ಕು ಯಾರಿಗಿರಬೇಕು ಎಂಬುದೇ ಅದರ ತಿರುಳು.

ತಂತ್ರಾಂಶದವರು ಫೋರ್ಕ್ ಎನ್ನುವುದಕ್ಕೆ ಕನ್ನಡದ ಕವಲು ಎಂಬ ಪದ ಚೆನ್ನಾಗಿ ಹೊಂದುತ್ತದೆ. ಹೆಸರಲ್ಲೇ ಕವಲು ಕೇಳಿಸುವ ನಂಜನಗೂಡು ತಾಲ್ಲೂಕಿನ ಕವಲಂದೆಯ ರೈಲು ಹಳಿಯಿಂದಲೇ ಇದನ್ನು ತಿಳಿಯಬಹುದು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ಬಂದ ಮೀಟರ್ ಗೇಜ್ ಹಳಿ 1926ರಲ್ಲಿ ಕವಲಂದೆಯ ಮೇಲೆ ಹಾದು ಚಾಮರಾಜನಗರ ಮುಟ್ಟಿತು. ಎರಡು ಕಂಬಿಗಳ ನಡುವಿನ ಅಂತರ 1,000 ಮಿಲಿಮೀಟರ್. ಹೆಚ್ಚುಕಡಿಮೆ ಎಂಬತ್ತು ವರ್ಷ ಆ ಅಳತೆಯೇ ನಡೆಯಿತು. ಆಮೇಲೆ ಅದನ್ನು ಕಿತ್ತು 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು. ರೈಲ್ವೆ ಇಲಾಖೆ ತೀರ್ಮಾನ ಮಾಡಿತು, ರೈಲು ನಿಲ್ಲಿಸಿತು, ಹಳಿ ಬದಲಿಸಿತು, ಮತ್ತೆ ಓಡಿಸಿತು. ಹಳೆಯ ಬೋಗಿ ಹೊಸ ಹಳಿಯ ಮೇಲೆ ಓಡುವುದಿಲ್ಲ, ಆದರೂ ತಕರಾರು ಬರಲಿಲ್ಲ, ಏಕೆಂದರೆ ತೀರ್ಮಾನ ಮಾಡುವವರು ಒಬ್ಬರೇ ಇದ್ದರು. ಈಗ ಇಲಾಖೆಯೇ ಇಲ್ಲ, ಒಂದೊಂದು ಸ್ಟೇಷನ್ನಿನವರೂ ತಮ್ಮ ಹಳಿಯನ್ನು ತಾವೇ ಹಾಕಿಕೊಂಡು ಕಾಯುತ್ತಿದ್ದಾರೆ ಅಂದುಕೊಳ್ಳಿ. ನಂಜನಗೂಡಿನವರು ಅಗಲ ಹಳಿ ಬೇಕೆಂದು ಹಾಕಿ, ಕವಲಂದೆಯವರು ಹಳೆಯದೇ ಸಾಕೆಂದರೆ ಒಂದು ದಾರಿ ಎರಡಾಯಿತು. ಹಾರ್ಡ್ ಫೋರ್ಕ್ ಎಂದರೆ ಇದು. ಹಳಿಯ ಅಂತರವನ್ನು ಮುಟ್ಟದೆ, ಹಳೆಯ ಬೋಗಿಯೂ ಓಡುವಂತೆ ಬಿಟ್ಟು, ಒಳಗೆ ಸಾಮಾನು ಜೋಡಿಸುವ ಬಗೆಯನ್ನಷ್ಟೇ ಬದಲಿಸಿದರೆ ಸಾಫ್ಟ್ ಫೋರ್ಕ್. ನದಿಗಳಾದರೆ ಬೇರೆ ಬೇರೆ ಹರಿದೂ ಕೂಡುತ್ತವೆ: ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಊರಿನ ಹೆಸರಲ್ಲೇ ಕೂಡಲಿದೆ. ಹಾರ್ಡ್ ಫೋರ್ಕಿನಲ್ಲಿ ಬೇರೆಯಾದ ಲೆಕ್ಕಗಳಿಗೆ ಅಂಥ ಕೂಡಲಿಲ್ಲ. ಒಂದೇ ನಾಣ್ಯವನ್ನು ಈ ಪುಸ್ತಕದಲ್ಲಿ ಒಬ್ಬರಿಗೆ, ಆ ಪುಸ್ತಕದಲ್ಲಿ ಮತ್ತೊಬ್ಬರಿಗೆ ಕೊಟ್ಟಾದ ಮೇಲೆ ಎರಡನ್ನೂ ಸೇರಿಸಿ ಹೊಲಿಯಲು ಬರುವುದಿಲ್ಲ.

ಪುಸ್ತಕ ಎಂದೆ, ಅದರ ಸ್ವರೂಪ ಹೇಳಬೇಕು. ನಮ್ಮ ಜಮೀನಿನ ಪಹಣಿ 'ಭೂಮಿ' ತಂತ್ರಾಂಶದಲ್ಲಿದೆ. ಅದನ್ನು ಕಂದಾಯ ಇಲಾಖೆ ಇಟ್ಟುಕೊಂಡಿದೆ, ಹೆಸರು ತಪ್ಪಾದರೆ ನಾಡಕಚೇರಿಗೋ ತಹಶೀಲ್ದಾರರ ಬಳಿಗೋ ಅರ್ಜಿ ಹಿಡಿದು ಹೋಗುತ್ತೇವೆ. 2009ರ ಜನವರಿ 3ರಂದು ಶುರುವಾದ ಬಿಟ್‌ಕಾಯಿನ್ ಪುಸ್ತಕಕ್ಕೆ ತಹಶೀಲ್ದಾರರಿಲ್ಲ. ಸರಿಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಹಾಳೆ ಸೇರುತ್ತದೆ, ಅದೇ ಬ್ಲಾಕ್. ಹಾಳೆ ಬರೆಯುವ ಹಕ್ಕಿಗಾಗಿ ವಿದ್ಯುತ್ ಸುಟ್ಟು ಪೈಪೋಟಿ ನಡೆಸುವವರು ಮೈನರ್‌ಗಳು. ಬರೆದ ಹಾಳೆ ನಿಯಮಕ್ಕೆ ಸರಿಯಾಗಿದೆಯೇ ಎಂದು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಾಳೆ ನೋಡಿ, ತಪ್ಪಿದ್ದರೆ ಬಿಸಾಡುವವರು ನೋಡ್ ನಡೆಸುವವರು. ಇಡೀ ಪುಸ್ತಕದ ಪ್ರತಿ ಇವರಲ್ಲಿ ಅನೇಕರ ಬಳಿ ಇರುತ್ತದೆ. ಈಗ ಅದರ ತೂಕ 600 ಜಿಬಿ ದಾಟಿದೆ. ಬಿಟ್‌ಕಾಯಿನ್ ಸೃಷ್ಟಿಸಿದ, ಸತೋಶಿ ನಕಾಮೊಟೊ ಎಂಬ ಗುಪ್ತನಾಮದ ವ್ಯಕ್ತಿ 2010ರಲ್ಲಿ ಒಂದು ಹಾಳೆ 1 ಎಂಬಿ ಮೀರಬಾರದೆಂಬ ಮಿತಿ ಹಾಕಿದ. ಕೆಲಸಕ್ಕೆ ಬಾರದ ವಹಿವಾಟು ತುಂಬಿಸಿ ಪುಸ್ತಕ ಕೆಡಿಸುವವರನ್ನು ತಡೆಯುವುದು ಅದರ ಉಪಯೋಗ. ಮುಂದೆ ಬೇಕಾದಾಗ ಇಂಥ ಸಂಖ್ಯೆಯ ಬ್ಲಾಕಿನಿಂದ ಮಿತಿ ಹೆಚ್ಚಿಸಬಹುದು ಎಂದು ದಾರಿಯನ್ನೂ ಅವನೇ ಸೂಚಿಸಿದ್ದ. ಆಮೇಲೆ ಮರೆಯಾದ. ಹೀಗಾಗಿ ಮುಂದಿನ ಜಗಳದಲ್ಲಿ ಎರಡು ಕಡೆಯವರೂ ಅವನನ್ನೇ ಸಾಕ್ಷಿಗೆ ಕರೆದರು, ಇಬ್ಬರಿಗೂ ಒಂದೊಂದು ಆಧಾರ ಸಿಕ್ಕಿತು.

ಲೆಕ್ಕ ಹಾಕಿದರೆ ಇಬ್ಬರ ಕಷ್ಟವೂ ತಿಳಿಯುತ್ತದೆ. 1 ಎಂಬಿ ಹಾಳೆಯಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ವಹಿವಾಟು ಹಿಡಿಯುತ್ತವೆ. ಸೆಕೆಂಡಿಗೆ ಮೂರೋ ನಾಲ್ಕೋ, ಬಹಳವೆಂದರೆ ಏಳು. ನಮ್ಮ ಯುಪಿಐ 2023ರ ಆಗಸ್ಟಿನಲ್ಲಿ ಒಂದೇ ತಿಂಗಳು 1,000 ಕೋಟಿ ವಹಿವಾಟು ದಾಟಿತು, ಅಂದರೆ ಸೆಕೆಂಡಿಗೆ ಸರಾಸರಿ 3,700ಕ್ಕೂ ಹೆಚ್ಚು. ಲೋಕಕ್ಕೆಲ್ಲ ಹಣವಾಗಬೇಕೆಂದು ಹೊರಟದ್ದು ಸೆಕೆಂಡಿಗೆ ಏಳಕ್ಕೆ ನಿಂತರೆ ಹೇಗೆ ಎಂದು ದೊಡ್ಡ ಬ್ಲಾಕಿನವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. ಒಂದು ವಹಿವಾಟಿಗೆ 250 ಬೈಟ್ ಹಿಡಿದರೂ ಯುಪಿಐ ವೇಗಕ್ಕೆ ದಿನಕ್ಕೆ ಸುಮಾರು 80 ಜಿಬಿ, ವರ್ಷಕ್ಕೆ 29 ಟಿಬಿ ಬರೆಯಬೇಕು. ಯುಪಿಐಗೆ ಅದು ಭಾರವಲ್ಲ, ಏಕೆಂದರೆ ಆ ಲೆಕ್ಕವನ್ನು ಬ್ಯಾಂಕುಗಳೂ ರಾಷ್ಟ್ರೀಯ ಪಾವತಿ ನಿಗಮವೂ ಇಟ್ಟುಕೊಂಡರೆ ಸಾಕು. ಕವಲಂದೆಯ ಚಹಾ ಅಂಗಡಿಯವರು ದೇಶದ ಲೆಕ್ಕವನ್ನೆಲ್ಲ ತಮ್ಮ ಮನೆಯಲ್ಲಿ ತಾಳೆ ನೋಡಬೇಕಿಲ್ಲ. ಬಿಟ್‌ಕಾಯಿನ್ ಹುಟ್ಟಿದ್ದೇ ಹಾಗೆ ಯಾರನ್ನೂ ನಂಬದೆ ತಾಳೆ ನೋಡಬಹುದು ಎಂಬ ಮಾತಿನ ಮೇಲೆ. ಪುಸ್ತಕ ದಪ್ಪವಾದಷ್ಟೂ ಅದನ್ನು ಇಟ್ಟುಕೊಳ್ಳಬಲ್ಲವರು ಕಡಿಮೆಯಾಗುತ್ತಾರೆ, ಕೊನೆಗೆ ಗೋದಾಮಿನಂಥ ಡೇಟಾ ಸೆಂಟರ್ ಇರುವ ಹತ್ತಿಪ್ಪತ್ತು ಕಂಪನಿಗಳು ಉಳಿಯುತ್ತವೆ. ಅಲ್ಲಿಗೆ ಅದು ಸರ್ಕಾರದ ಅಂಕೆಯೂ ಇಲ್ಲದ ಬ್ಯಾಂಕಾಯಿತು.

ಮಿತಿ ಏರಿಸಲು ಮೊದಲ ದೊಡ್ಡ ಹೆಜ್ಜೆ ಇಟ್ಟವರು ಗ್ಯಾವಿನ್ ಆಂಡ್ರೆಸೆನ್. ಸತೋಶಿಯ ನಂತರ ತಂತ್ರಾಂಶದ ಹೊಣೆ ಹೊತ್ತು, 2014ರಲ್ಲಿ ಅದನ್ನು ವ್ಲಾಡಿಮಿರ್ ವಾನ್ ಡರ್ ಲಾನ್ ಅವರಿಗೆ ಬಿಟ್ಟುಕೊಟ್ಟವರು. ಮಿತಿಯನ್ನು ಮೊದಲು 8 ಎಂಬಿಗೆ ಏರಿಸಿ, ಎರಡು ವರ್ಷಕ್ಕೊಮ್ಮೆ ಇಮ್ಮಡಿಸುತ್ತ 2036ರ ಹೊತ್ತಿಗೆ 8 ಜಿಬಿಗೆ ಮುಟ್ಟಿಸಬೇಕೆಂಬುದು ಅವರ ಪ್ರಸ್ತಾಪ. ಒಂದು ಹಾಳೆ 8 ಜಿಬಿಯಾದರೆ ದಿನಕ್ಕೆ 144 ಹಾಳೆ, ಒಂದು ಟಿಬಿಗೂ ಹೆಚ್ಚು. ಮೈಕ್ ಹರ್ನ್ ಜೊತೆ ಸೇರಿ 2015ರ ಆಗಸ್ಟಿನಲ್ಲಿ ಇದನ್ನು ಬಿಟ್‌ಕಾಯಿನ್ ಎಕ್ಸ್‌ಟಿ ಎಂಬ ತಂತ್ರಾಂಶವಾಗಿ ಹೊರತಂದರು. ಸಾಕಷ್ಟು ಮೈನರ್‌ಗಳು ಒಪ್ಪಲಿಲ್ಲ. ಹರ್ನ್ 2016ರ ಜನವರಿಯಲ್ಲಿ ಇಡೀ ಪ್ರಯೋಗವೇ ಸೋತಿತೆಂದು ಬರೆದು ಹೊರನಡೆದರು. 2 ಎಂಬಿ ಸಾಕೆಂದ ಬಿಟ್‌ಕಾಯಿನ್ ಕ್ಲಾಸಿಕ್ ಬಂತು, ಮಿತಿಯನ್ನು ನೋಡ್ ನಡೆಸುವವರೇ ಗೊತ್ತುಮಾಡಿಕೊಳ್ಳಲಿ ಎಂದ ಬಿಟ್‌ಕಾಯಿನ್ ಅನ್‌ಲಿಮಿಟೆಡ್ ಬಂತು, ಎರಡೂ ದಡ ಸೇರಲಿಲ್ಲ. ಈ ನಡುವೆ ಪೀಟರ್ ವೌಲ ಎಂಬ ಡೆವಲಪರ್ 2015ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೆಗ್‌ವಿಟ್ ಎಂಬ ಉಪಾಯ ಮುಂದಿಟ್ಟರು. ವಹಿವಾಟಿನ ಸಹಿಗಳನ್ನು ಹಾಳೆಯ ಬೇರೆ ಭಾಗಕ್ಕೆ ಸರಿಸಿ ಅದರ ತೂಕವನ್ನು ಬೇರೆ ಅಳತೆಯಲ್ಲಿ ಎಣಿಸುವುದು. ಹಳೆಯ ತಂತ್ರಾಂಶಕ್ಕೆ ಏನೂ ಬದಲಾದಂತೆ ಕಾಣುವುದಿಲ್ಲ, ಜಾಗ ಮಾತ್ರ ಹೆಚ್ಚುತ್ತದೆ. ನನ್ನ ಹಳಿಯ ಮಾತಿನಲ್ಲಿ ಇದು ಗೇಜ್ ಬದಲಿಸದೆ ಬೋಗಿಯೊಳಗೆ ಜಾಗ ಮಾಡಿಕೊಂಡದ್ದು. ಮೂಲ ತಂತ್ರಾಂಶವನ್ನು ನೋಡಿಕೊಳ್ಳುವ ಕೋರ್ ತಂಡ 2016ರ ಅಕ್ಟೋಬರಿನಲ್ಲಿ ಇದನ್ನು ಬಿಡುಗಡೆ ಮಾಡಿತು. ಜಾರಿಗೆ ಬರಲು 95% ಮೈನರ್‌ಗಳ ಒಪ್ಪಿಗೆ ಬೇಕೆಂದು ಅದರಲ್ಲೇ ಬರೆದಿದ್ದರಿಂದ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತು.

2017ರ ಮೇ 23ರ ನ್ಯೂಯಾರ್ಕ್ ಒಪ್ಪಂದವೇ ಈ ಕಥೆಯ ನಡುಗಂಬ. 22 ದೇಶಗಳ 58 ಕಂಪನಿಗಳು, ಮೈನಿಂಗ್ ಶಕ್ತಿಯ 83% ಕೈಯಲ್ಲಿದ್ದವರು ಸಹಿ ಹಾಕಿದರು. ಮೊದಲು ಸೆಗ್‌ವಿಟ್, ಆರು ತಿಂಗಳೊಳಗೆ 2 ಎಂಬಿಗೆ ಹಾರ್ಡ್ ಫೋರ್ಕ್, ಹೆಸರು ಸೆಗ್‌ವಿಟ್2ಎಕ್ಸ್. ಮೇಲ್ನೋಟಕ್ಕೆ ಇದು ಹದವಾದ ರಾಜಿ: ಅವರದ್ದೊಂದು, ಇವರದ್ದೊಂದು. ಕೋರ್ ತಂತ್ರಾಂಶವನ್ನು ನಿತ್ಯ ನೋಡಿಕೊಳ್ಳುತ್ತಿದ್ದವರು ಆ ಕೋಣೆಯಲ್ಲಿರಲಿಲ್ಲ. ತಮ್ಮ ಮನೆಯಲ್ಲಿ ನೋಡ್ ನಡೆಸುತ್ತಿದ್ದವರಂತೂ ಇರಲೇ ಇಲ್ಲ. ಅಷ್ಟರಲ್ಲಾಗಲೇ ಈ ಎರಡನೆಯವರ ಕಡೆಯಿಂದ ಮತ್ತೊಂದು ಪ್ರಸ್ತಾಪ ಹಬ್ಬಿತ್ತು. ಆಗಸ್ಟ್ 1ರಿಂದ ಸೆಗ್‌ವಿಟ್‌ಗೆ ಒಪ್ಪಿಗೆ ಸೂಚಿಸದ ಯಾವ ಹಾಳೆಯನ್ನೂ ನಮ್ಮ ನೋಡ್ ಸ್ವೀಕರಿಸುವುದಿಲ್ಲ ಎಂಬ ಗಡುವು ಅದು. ಹೀಗೆ ಮಾಡುವವರು ಎಷ್ಟು ಜನವೆಂದು ಯಾರಿಗೂ ಖಚಿತವಿಲ್ಲದ್ದೇ ಆ ಗಡುವಿನ ಬಲವಾಗಿತ್ತು. ತಾವು ಬರೆದ ಹಾಳೆಯನ್ನು ಕೊಳ್ಳುವವರೇ ಇಲ್ಲವಾದರೆ ಸುಟ್ಟ ವಿದ್ಯುತ್ತೆಲ್ಲ ನಷ್ಟ ಎಂದು ಮೈನರ್‌ಗಳಿಗೆ ಗೊತ್ತಿತ್ತು. ಗಡುವಿಗೆ ಮೊದಲೇ, ಜುಲೈನಲ್ಲಿ, ಒಪ್ಪಿಗೆ ಬಂದುಬಿಟ್ಟಿತು. ಆಗಸ್ಟ್ 24ರಂದು ಸೆಗ್‌ವಿಟ್ ಜಾರಿಯಾಯಿತು. ಒಪ್ಪದವರು 8 ಎಂಬಿ ಬ್ಲಾಕಿನೊಂದಿಗೆ ಆಗಸ್ಟ್ 1ರಂದೇ ಬಿಟ್‌ಕಾಯಿನ್ ಕ್ಯಾಶ್ ಆಗಿ ಬೇರೆ ಹೊರಟರು. ನವೆಂಬರ್ ಬಂದಾಗ ರಾಜಿಯ ಎರಡನೆಯ ಅರ್ಧಕ್ಕೆ ಬೆಂಬಲ ಕರಗಿಹೋಗಿತ್ತು; 8ನೇ ತಾರೀಖು ಅದರ ಮುಂದಾಳುಗಳೇ ಕೈಬಿಟ್ಟರು. ಆದರೂ ಆ ತಂತ್ರಾಂಶ ನಡೆಸಿದವರು ಕಂಡದ್ದೇನೆಂದರೆ, ಎಣಿಕೆಯ ತಪ್ಪಿನಿಂದ ಅದು ಗೊತ್ತುಪಡಿಸಿದ ಬ್ಲಾಕಿಗೆ ಮುಂಚೆಯೇ ನಿಂತುಹೋಯಿತು. ಅವಸರದಲ್ಲಿ, ಕಡಿಮೆ ಕಣ್ಣುಗಳು ನೋಡಿದ ತಂತ್ರಾಂಶದ ಮೇಲೆ ಸಾವಿರಾರು ಕೋಟಿಯನ್ನು ನಿಲ್ಲಿಸಲು ಹೊರಟಿದ್ದರು.

2 ಎಂಬಿಯಿಂದ ಬಿಟ್‌ಕಾಯಿನ್ ಹಾಳಾಗುತ್ತಿರಲಿಲ್ಲ. ಸೆಗ್‌ವಿಟ್ ಬಂದ ಮೇಲೆ ಹಾಳೆಗಳು ಹೇಗೂ 1 ಎಂಬಿ ಮೀರಿ ತೂಗುತ್ತಿವೆ. ಹಾಗಿದ್ದೂ ಆ ಒಪ್ಪಂದ ಬಿದ್ದದ್ದು ಒಳ್ಳೆಯದಾಯಿತು ಎಂದೇ ನನ್ನ ನಿಲುವು. 58 ಕಂಪನಿಗಳು ಕೋಣೆಯೊಂದರಲ್ಲಿ ಕೂತು ಗಾತ್ರ ಬದಲಿಸಬಹುದಾದರೆ, ನಾಳೆ ಅಂಥದೇ ಕೋಣೆಯಲ್ಲಿ ನಾಣ್ಯಗಳ ಒಟ್ಟು ಸಂಖ್ಯೆ 2.1 ಕೋಟಿ ಮೀರಬಾರದೆಂಬ ನಿಯಮವನ್ನೂ ಬದಲಿಸಬಹುದು. ಇಂಥವರ ವಹಿವಾಟನ್ನು ಬರೆಯಬಾರದು ಎಂದು ಗೊತ್ತುಮಾಡಿಕೊಳ್ಳಲೂಬಹುದು. ಇದಕ್ಕೆ ಬರುವ ಮೊದಲ ಆಕ್ಷೇಪ, ಹಾಗಾದರೆ ಮತ ಹಾಕಿಸಬಾರದಿತ್ತೇ ಎಂಬುದು. ಊರಿನ ಹಾಲಿನ ಡೇರಿಯಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ. ಎರಡು ಲೀಟರ್ ಹಾಕುವವರಿಗೂ ಇಪ್ಪತ್ತು ಲೀಟರ್ ಹಾಕುವವರಿಗೂ ಅಷ್ಟೇ. ಕಂಪನಿಯಲ್ಲಿ ಷೇರಿನಷ್ಟು ಮತ. ಇಲ್ಲಿ ಸದಸ್ಯರ ಪಟ್ಟಿಯೇ ಇಲ್ಲ. ಒಬ್ಬನೇ ಸಾವಿರ ನೋಡ್ ಹಾಕಿ ಸಾವಿರ ಜನರ ವೇಷ ಹಾಕಬಹುದು, ಹಾಗಾಗಿ ತಲೆ ಎಣಿಸಲಾಗದು. ಮೈನಿಂಗ್ ಶಕ್ತಿಯನ್ನು ಎಣಿಸಿದರೆ ವಿದ್ಯುತ್ ಅಗ್ಗವಿರುವ ಕಡೆಯ ಕೆಲವೇ ಕಂಪನಿಗಳ ಮಾತು ನಡೆಯುತ್ತದೆ. ನಾಣ್ಯ ಎಣಿಸಿದರೆ ಶ್ರೀಮಂತರದ್ದು. ಎಣಿಕೆಯೇ ಸಾಧ್ಯವಿಲ್ಲದ ಕಡೆ ಉಳಿಯುವ ನ್ಯಾಯ ಒಂದೇ: ಬದಲಾವಣೆ ಬೇಕೆನ್ನುವವರು ಬೇಡವೆನ್ನುವವರನ್ನು ಎಳೆದೊಯ್ಯುವಂತಿಲ್ಲ, ಬೇಕಾದರೆ ತಾವು ಬೇರೆ ದಾರಿ ಹಿಡಿಯಬಹುದು. ಬಿಟ್‌ಕಾಯಿನ್ ಕ್ಯಾಶಿನವರು ಹಾಗೆ ಹೊರಟದ್ದನ್ನು ದ್ರೋಹವೆಂದು ಬೈದವರಿದ್ದಾರೆ. ನನಗೆ ಅದು ಈ ವ್ಯವಸ್ಥೆಯೊಳಗಿನ ಅತ್ಯಂತ ಪ್ರಾಮಾಣಿಕ ನಡೆಯಾಗಿ ಕಾಣುತ್ತದೆ. ಬೇರೆ ಹೆಸರಿಟ್ಟುಕೊಂಡರು, ಬೇರೆ ಲೆಕ್ಕ ಬರೆದರು, ಯಾರ ಗಂಟನ್ನೂ ಕಸಿಯಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಂಪನಿಗಳ ಕೋಣೆ ಬೇಡ ಎನ್ನುತ್ತೀರಿ, ಕೋರ್ ತಂತ್ರಾಂಶಕ್ಕೆ ಕೊನೆಯ ಒಪ್ಪಿಗೆ ಹಾಕುವವರು ಬೆರಳೆಣಿಕೆಯ ಜನ ತಾನೇ, ಅದೂ ಒಂದು ಕೋಣೆಯಲ್ಲವೇ? ಹೌದು, ಆ ಅಧಿಕಾರ ಸಣ್ಣದಲ್ಲ. 2013ರ ಮಾರ್ಚಿನಲ್ಲಿ ಹೊಸ ಆವೃತ್ತಿಯ ದೋಷದಿಂದ ಪುಸ್ತಕ ತಾನಾಗಿಯೇ ಎರಡಾದಾಗ ಕೆಲವೇ ಡೆವಲಪರ್‌ಗಳು ಮೈನರ್‌ಗಳೊಂದಿಗೆ ಮಾತಾಡಿ, ಹಳೆಯ ಆವೃತ್ತಿಗೆ ಮರಳಿಸಿ, ಒಂದು ಕವಲನ್ನು ಕೈಬಿಡಿಸಿ, ಗಂಟೆಗಳಲ್ಲಿ ಒಂದೇ ಪುಸ್ತಕ ಉಳಿಸಿದ್ದರು. ಬಹುಪಾಲು ಜನ ತಂತ್ರಾಂಶದಲ್ಲಿ ಏನಿದೆಯೆಂದು ಓದುವುದಿಲ್ಲ, ಬಂದದ್ದನ್ನು ಹಾಕಿಕೊಳ್ಳುತ್ತಾರೆ. ಆದರೆ ಬರೆಯುವ ಅಧಿಕಾರ ಬೇರೆ, ಓಡಿಸುವ ಅಧಿಕಾರ ಬೇರೆ. ಕೋರ್ ತಂಡ ತನ್ನ ಇಷ್ಟದ ಸೆಗ್‌ವಿಟ್ಟನ್ನೇ ಎಂಟೊಂಬತ್ತು ತಿಂಗಳು ಜಾರಿ ಮಾಡಲಾಗದೆ ಕಾಯಿತು. ಮತ್ತೊಂದು ಕಡೆ, ಮೈನಿಂಗ್ ಶಕ್ತಿಯೂ ಹಣವೂ ಸೇರಿ 2ಎಕ್ಸನ್ನು ಜಾರಿ ಮಾಡಲಾಗಲಿಲ್ಲ. ಎರಡು ಬಲಿಷ್ಠ ಗುಂಪುಗಳು ತಮ್ಮಷ್ಟಕ್ಕೆ ಏನನ್ನೂ ಸಾಧಿಸಲಾಗದ್ದು, ತಾಳೆ ನೋಡುವ ಕೆಲಸ ಚದುರಿಹೋಗಿದ್ದುದರಿಂದ. ಮತ್ತೊಂದು ಕ್ರಿಪ್ಟೋ ಕರೆನ್ಸಿ ಜಾಲವಾದ ಎಥೀರಿಯಂನಲ್ಲಿ ಆದದ್ದನ್ನು ಪಕ್ಕಕ್ಕಿಟ್ಟು ನೋಡಿ. 2016ರ ಜೂನ್‌ನಲ್ಲಿ 'ದಿ ಡಾವೋ' ಎಂಬ ನಿಧಿಯಿಂದ ಸುಮಾರು 36 ಲಕ್ಷ ಈಥರ್ ನಾಣ್ಯ ಲಪಟಾಯಿಸಲಾಯಿತು. ಮುಂದಿನ ತಿಂಗಳ 20ರಂದು ಹಾರ್ಡ್ ಫೋರ್ಕ್ ಮಾಡಿ ಅದನ್ನು ಕಳೆದುಕೊಂಡವರಿಗೆ ಮರಳಿಸಿದರು. ಬರೆದದ್ದನ್ನು ಅಳಿಸಬಾರದು ಎಂದವರು ಎಥೀರಿಯಂ ಕ್ಲಾಸಿಕ್ ಆಗಿ ಉಳಿದರು. ಕಳೆದುಕೊಂಡವರ ಮುಖ ನೋಡಿದರೆ ಆ ತೀರ್ಮಾನದಲ್ಲಿ ಕರುಣೆಯಿತ್ತು. ಆದರೆ ಒಂದು ತಿಂಗಳಲ್ಲಿ ಪುಸ್ತಕ ತಿದ್ದಬಲ್ಲ ಸಮುದಾಯಕ್ಕೆ ನಾಳೆ ಬೇರೆ ಒತ್ತಡ ಬಂದಾಗ ತಿದ್ದಲಾಗದು ಎಂದು ಹೇಳುವುದು ಕಷ್ಟ.

ಮೂರನೆಯ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ, ಇದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಜಾಗ ಕಡಿಮೆಯಿದ್ದರೆ ಹೆಚ್ಚು ಕೊಟ್ಟವನಿಗೆ ಸೀಟು. 2017ರ ಡಿಸೆಂಬರಿನಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕ 50 ಡಾಲರ್ ದಾಟಿತು, ಆಗಿನ ಲೆಕ್ಕದಲ್ಲಿ 3,000 ರೂಪಾಯಿಗೂ ಮೇಲೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಅದೇ ತಿಂಗಳು ಬಿಟ್‌ಕಾಯಿನ್ ಸ್ವೀಕರಿಸುವುದನ್ನು ನಿಲ್ಲಿಸಿತು. ಸಣ್ಣವನಿಗೆ ಇಡೀ ಪುಸ್ತಕವನ್ನು ತಾಳೆ ನೋಡುವ ಹಕ್ಕು ಉಳಿಯಿತು. ಅದರಲ್ಲಿ ತನ್ನದೊಂದು ಸಾಲು ಬರೆಸುವ ಶಕ್ತಿ ಹೋಯಿತು. ಇದು ನಿಜವಾದ ನಷ್ಟ, ಸಣ್ಣ ಬ್ಲಾಕಿನವರು ಆಗ ಇದನ್ನು ಹಗುರವಾಗಿ ತೆಗೆದುಕೊಂಡರು. ಲೈಟ್ನಿಂಗ್ ಬರುತ್ತಿದೆ, ಸಣ್ಣ ಪಾವತಿಯೆಲ್ಲ ಅದರ ಮೇಲೆ ಎಂಬುದು ಅವರ ಸಮಾಧಾನವಾಗಿತ್ತು. ಅಂಗಡಿಯಲ್ಲಿ ಬರೆಸಿಟ್ಟು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡುವ ಬಗೆಯಂತೆ, ಇಬ್ಬರ ನಡುವಿನ ಹತ್ತಾರು ಪಾವತಿಗಳನ್ನು ಹೊರಗೇ ನಡೆಸಿ ಕೊನೆಯ ಬಾಕಿಯನ್ನಷ್ಟೇ ಮೂಲ ಪುಸ್ತಕದಲ್ಲಿ ಬರೆಯುವ ಏರ್ಪಾಡು ಅದು. ಜೋಸೆಫ್ ಪೂನ್ ಮತ್ತು ಥಾಡಿಯಸ್ ಡ್ರೈಜಾ ರೂಪಿಸಿದ ಇದು 2018ರಲ್ಲಿ ಬಳಕೆಗೆ ಬಂತು, ಈಗಲೂ ನಡೆಯುತ್ತಿದೆ. ಆದರೆ ಖಾತೆ ತೆರೆಯಲೂ ಮುಚ್ಚಲೂ ಮೂಲ ಪುಸ್ತಕದ ಶುಲ್ಕ ಕೊಡಲೇಬೇಕು. ಆ ತೊಡಕು ಬೇಡವೆಂದು ಅನೇಕರು ಯಾರದೋ ಕಂಪನಿಯ ವಾಲೆಟ್‌ನಲ್ಲಿ ಹಣ ಇಡುತ್ತಾರೆ. ಎಲ್ ಸಾಲ್ವಡಾರ್ 2021ರಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣವಾಗಿಸಿ, 2025ರಲ್ಲಿ ಅಂಗಡಿಯವರು ಅದನ್ನು ಸ್ವೀಕರಿಸಲೇಬೇಕೆಂಬ ನಿಯಮ ತೆಗೆದುಹಾಕಿತು. ಚಹಾಕ್ಕೆ ಕೊಡುವ ಚಿಲ್ಲರೆಯಾಗುವ ಮೂಲ ಕನಸು ಬದಿಗೆ ಸರಿದು, ಬಂಗಾರದಂತೆ ಎತ್ತಿಡುವ ಸೊತ್ತಾಗಿ ಅದು ಉಳಿದಿದೆ. ದೊಡ್ಡ ಬ್ಲಾಕಿನವರ ಭವಿಷ್ಯವಾಣಿಯಲ್ಲಿ ಈ ಭಾಗ ನಿಜವಾಯಿತು.

ಅವರು ಹಿಡಿದ ದಾರಿ ಏನಾಯಿತು? ಬಿಟ್‌ಕಾಯಿನ್ ಕ್ಯಾಶ್ ತನ್ನ ಮಿತಿಯನ್ನು 2018ರಲ್ಲಿ 32 ಎಂಬಿಗೆ ಏರಿಸಿತು. ಶುಲ್ಕ ಪೈಸೆಗಳಿಗೆ ಇಳಿಯಿತು, ಆದರೆ ಹಾಳೆಗಳು ತುಂಬುವಷ್ಟು ಜನ ಬರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಮನೆ ಮತ್ತೆ ಒಡೆದು, ಇನ್ನೂ ದೊಡ್ಡ ಬ್ಲಾಕ್ ಬೇಕೆಂದ ಬಣ ಬಿಟ್‌ಕಾಯಿನ್ ಎಸ್‌ವಿ ಆಯಿತು. ತಾನೇ ಸತೋಶಿ ಎನ್ನುತ್ತಿದ್ದ ಕ್ರೇಗ್ ರೈಟ್ ಅದರ ಮುಖವಾಗಿದ್ದರು. ಅವರು ಸತೋಶಿಯಲ್ಲ ಎಂದು 2024ರ ಮಾರ್ಚಿನಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತೀರ್ಪು ಕೊಟ್ಟಿತು. 2020ರ ನವೆಂಬರಿನಲ್ಲಿ ಡೆವಲಪರ್‌ಗಳ ಸಂಬಳಕ್ಕೆ ಮೈನರ್‌ಗಳ ಆದಾಯದಲ್ಲಿ ಪಾಲು ಕೊಡಬೇಕೆಂಬ ವಿಷಯಕ್ಕೆ ಬಿಟ್‌ಕಾಯಿನ್ ಕ್ಯಾಶಿನ ಮನೆ ಮೂರನೆಯ ಸಲ ಒಡೆಯಿತು. ಬೆಲೆ ಕುಸಿದದ್ದನ್ನು ನಾನು ಪುರಾವೆಯಾಗಿ ಹೇಳುತ್ತಿಲ್ಲ, ಬೆಲೆ ಸತ್ಯದ ಅಳತೆಗೋಲಲ್ಲ. ಒಮ್ಮೆ ಗೇಜ್ ಬದಲಿಸುವುದು ರೂಢಿಯಾದರೆ ಮುಂದಿನ ಜಗಳಕ್ಕೆ ಕೂತು ಮಾತಾಡುವ ತಾಳ್ಮೆ ಉಳಿಯುವುದಿಲ್ಲ ಎಂಬುದಕ್ಕೆ ಈ ಮೂರು ತಾರೀಖುಗಳು ಸಾಕು.

ನಮ್ಮ ಊರುಗಳಲ್ಲಿ ಕ್ರಿಪ್ಟೋ ಎಂದರೆ ಮೊಬೈಲ್ ಆ್ಯಪ್. ಕರ್ನಾಟಕದಲ್ಲೇ 2013ರಲ್ಲಿ ಶುರುವಾದ ಯುನೋಕಾಯಿನ್‌ನಿಂದ ಹಿಡಿದು ಇಂದಿನವರೆಗೆ ಇಲ್ಲಿಯ ವಹಿವಾಟು ಹೆಚ್ಚಾಗಿ ನಡೆಯುವುದು ಎಕ್ಸ್‌ಚೇಂಜ್‌ಗಳ ಮೂಲಕ. ಬ್ಯಾಂಕುಗಳ ಬಾಗಿಲು ಮುಚ್ಚಿದ್ದ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿದ ಮೇಲೆ, 2022ರಿಂದ 30% ತೆರಿಗೆ ಮತ್ತು 1% ಟಿಡಿಎಸ್ ಬಂದ ಮೇಲೂ ಹೀಗೆಯೇ. ನಾಣ್ಯ ಖರ್ಚು ಮಾಡಲು ಬೇಕಾದ ಗುಪ್ತ ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಂಡವನಿಗೆ 2017ರಲ್ಲಿ ಎರಡೂ ಕವಲಿನ ನಾಣ್ಯ ತಾನಾಗಿ ಸಿಕ್ಕಿತು. ಎಕ್ಸ್‌ಚೇಂಜ್‌ನಲ್ಲಿ ಇಟ್ಟವನಿಗೆ ಆ ಕಂಪನಿ ಕೊಟ್ಟಾಗ ಸಿಕ್ಕಿತು. ಅಮೆರಿಕದ ಕಾಯಿನ್‌ಬೇಸ್ ಮೊದಲು ಕೊಡುವುದಿಲ್ಲವೆಂದು ಹೇಳಿ, ಆಮೇಲೆ ಡಿಸೆಂಬರಿನಲ್ಲಿ ಕೊಟ್ಟಿತು. ಆ್ಯಪ್‌ನಲ್ಲಿ ಕೊಂಡವರು ಯಾವ ಹಳಿಯ ಮೇಲಿದ್ದಾರೆಂದು ಗೊತ್ತುಮಾಡುವವರು ಅವರಲ್ಲ. ಆ್ಯಪ್ ಬೇಡವೆಂದಲ್ಲ, ಎಲ್ಲರೂ ನೋಡ್ ನಡೆಸಬೇಕೆಂದು ಕೇಳುವುದು ಅತಿಯಾಯಿತು. ಆದರೆ ಯಾರ ನಿಯಂತ್ರಣವೂ ಇಲ್ಲದ ಹಣ ಎಂದು ಆ್ಯಪ್‌ನಲ್ಲಿ ಮಾರುವವರ ಮಾತು ಅಷ್ಟರ ಮಟ್ಟಿಗೆ ಸುಳ್ಳು ಎಂದು ಕೊಳ್ಳುವವರಿಗೆ ಗೊತ್ತಿರಬೇಕು.

ಜಗಳವೂ ಮುಗಿದಿಲ್ಲ. 2023ರಿಂದ ಚಿತ್ರ, ಬರಹ ಮುಂತಾದವನ್ನು ಬಿಟ್‌ಕಾಯಿನ್ ಪುಸ್ತಕದೊಳಗೇ ತುಂಬುವ ರೂಢಿ ಬೆಳೆಯಿತು. ವಹಿವಾಟಿನೊಂದಿಗೆ ಸಾಗಿಸಬಹುದಾದ ಹೊರಗಿನ ಮಾಹಿತಿಗೆ ಇದ್ದ ಸುಮಾರು 80 ಬೈಟ್‌ನ ಮಿತಿಯನ್ನು 2025ರ ಅಕ್ಟೋಬರಿನ 30ನೇ ಆವೃತ್ತಿಯಲ್ಲಿ ಕೋರ್ ತಂಡ ಒಂದು ಲಕ್ಷ ಬೈಟ್‌ಗೆ ಏರಿಸಿತು. ತಡೆದರೂ ಬೇರೆ ದಾರಿಯಲ್ಲಿ ನುಗ್ಗುತ್ತಾರೆ, ಆ ದಾರಿ ಪುಸ್ತಕಕ್ಕೆ ಇನ್ನೂ ಕೆಟ್ಟದ್ದು ಎಂಬುದು ಅವರ ವಾದ. ಹಣದ ಲೆಕ್ಕಕ್ಕೆಂದು ಇಟ್ಟ ಪುಸ್ತಕದಲ್ಲಿ ಕಂಡವರ ಸಾಮಾನಿಗೆ ನಾವೇಕೆ ಜಾಗ ಕೊಡಬೇಕು ಎಂದು ನೋಡ್ ನಡೆಸುವವರಲ್ಲಿ ಅನೇಕರು ಲ್ಯೂಕ್ ಡ್ಯಾಶ್‌ಜರ್ ನೋಡಿಕೊಳ್ಳುವ ಬಿಟ್‌ಕಾಯಿನ್ ನಾಟ್ಸ್ ಎಂಬ ತಂತ್ರಾಂಶಕ್ಕೆ ಬದಲಾದರು. 2017ರಲ್ಲಿ ಕಂಪನಿಗಳಿಗೆ ಎದುರಾಗಿ ನಿಂತ ನೋಡ್‌ಗಳು ಈ ಸಲ ಕೋರ್ ತಂಡಕ್ಕೇ ಎದುರು ನಿಂತಿವೆ. ಹೊಸ ಮಿತಿ ತಂತ್ರಾಂಶದ ಜೊತೆಗೆ ಬರುವ ಒಂದು ಸೆಟ್ಟಿಂಗ್ ಮಾತ್ರ. ಅದನ್ನು ಹಳೆಯ ಸಂಖ್ಯೆಗೆ ಇಳಿಸಿಕೊಳ್ಳಲು ನೋಡ್ ಇಟ್ಟುಕೊಂಡವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.